ಓದಿದ ಕಥೆಯೊಳಗೆ ಆಡಲು ಬಿಡಿ, ಆಮೇಲೆ ಬರೆಸಿ: ತರಗತಿಯಲ್ಲಿ ಚಿತ್ರಪುಸ್ತಕ ಬಳಸುವ ಬಗೆ

ಪ್ರಾಥಮಿಕ ಶಾಲೆಯ ಕಥೆ ಪೀರಿಯಡ್ಡು ಹೆಚ್ಚಾಗಿ ಒಂದೇ ಕ್ರಮದಲ್ಲಿ ನಡೆಯುತ್ತದೆ. ಟೀಚರ್ ಪುಸ್ತಕ ಓದುತ್ತಾರೆ, ಮುಚ್ಚಿಡುತ್ತಾರೆ, ನಾಲ್ಕು ಪ್ರಶ್ನೆ ಕೇಳುತ್ತಾರೆ, ‘ಈ ಕಥೆಯ ನೀತಿ ಏನು?’ ಅನ್ನುತ್ತಾರೆ, ಕೊನೆಗೆ ‘ಈಗ ಇದೇ ಕಥೆಯನ್ನು ಸ್ವಂತ ವಾಕ್ಯದಲ್ಲಿ ಬರೆಯಿರಿ’ ಎಂದು ಹೇಳುತ್ತಾರೆ. ಮಕ್ಕಳು ‘ಒಂದು ಊರಿನಲ್ಲಿ ಒಂದು ಮೇಕೆ ಇತ್ತು’ ಎಂದು ಬರೆದು ಪೆನ್ಸಿಲ್ ಕಚ್ಚುತ್ತಾ ಕೂರುತ್ತಾರೆ. ಉಳಿದದ್ದನ್ನು ಪಕ್ಕದವರ ಪುಸ್ತಕದಿಂದಲೋ ಬೋರ್ಡಿನಿಂದಲೋ ನೋಡಿ ಬರೆಯುತ್ತಾರೆ. ‘ನಮ್ಮ ಮಕ್ಕಳಿಗೆ ಬರೆಯೋಕೆ ಬರಲ್ಲ’ ಎಂಬ ತೀರ್ಮಾನ ಇಲ್ಲಿ ಹುಟ್ಟುತ್ತದೆ.

ಆ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಕಥೆ ಕೇಳಿದ ಮಗುವಿಗೆ ಆ ಕಥೆಯೊಳಗೆ ಓಡಾಡಲು ಸಮಯವೇ ಸಿಕ್ಕಿರುವುದಿಲ್ಲ. ಕೇಳುವುದಕ್ಕೂ ಬರೆಯುವುದಕ್ಕೂ ನಡುವೆ ಆಟವನ್ನು ಸೇರಿಸಿದರೆ ಬರವಣಿಗೆ ಬದಲಾಗುತ್ತದೆ. ಈ ಲೇಖನ ಪೂರ್ತಿ ಇರುವುದು ಆ ನಡುವಿನ ಭಾಗವನ್ನು ಹೇಗೆ ನಡೆಸಬೇಕು ಎಂಬುದರ ಬಗ್ಗೆ. 1ರಿಂದ 5ನೇ ತರಗತಿಯವರೆಗಿನ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಅಂಗನವಾಡಿಯಲ್ಲಾದರೆ ಬರವಣಿಗೆಯ ಜಾಗದಲ್ಲಿ ಚಿತ್ರ ಇಟ್ಟುಕೊಳ್ಳಿ.

ಆಟವಾಡಿಸಿದರೆ ಪೋರ್ಷನ್ ಮುಗಿಯುವುದು ಯಾವಾಗ ಎಂದು ಕೇಳುವವರಿಗೆ ಒಂದು ಮಾತು. ರಷ್ಯಾದ ಮನೋವಿಜ್ಞಾನಿ ಲೆವ್ ವೈಗೋಟ್ಸ್ಕಿ 1933ರಲ್ಲಿ ಮಕ್ಕಳ ಆಟದ ಬಗ್ಗೆ ಒಂದು ಉಪನ್ಯಾಸ ಕೊಟ್ಟರು. ಕೋಲನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು ‘ಕುದುರೆ’ ಅನ್ನುವ ಮಗುವಿನ ಉದಾಹರಣೆಯನ್ನು ಅದರಲ್ಲಿ ವಿವರಿಸಿದರು. ಕಣ್ಣಿಗೆ ಕಾಣುವುದು ಕೋಲು, ಮಗು ನಡೆದುಕೊಳ್ಳುವುದು ಕುದುರೆಯ ಅರ್ಥಕ್ಕೆ ತಕ್ಕಂತೆ. ಒಂದು ವಸ್ತು ಇನ್ನೊಂದರ ಬದಲಿಗೆ ನಿಲ್ಲಬಲ್ಲದು ಎಂದು ಮಗು ಇಲ್ಲಿ ಕಲಿಯುತ್ತಿದೆ. ಅಕ್ಷರ ಮಾಡುವುದೂ ಅದನ್ನೇ: ಮೂರು ಗೆರೆ, ಒಂದು ಸುಳಿ, ಅದು ‘ಅಮ್ಮ’ ಆಗುತ್ತದೆ. ಆಟ, ಚಿತ್ರ, ಬರವಣಿಗೆ ಈ ಮೂರೂ ಒಂದೇ ಬೆಳವಣಿಗೆಯ ಬೇರೆ ಬೇರೆ ಹಂತಗಳು ಎಂದು ಅವರು ಇನ್ನೊಂದೆಡೆ ಬರೆದಿದ್ದಾರೆ. ಹಾಗಾಗಿ ಕಥೆಯ ಆಟಕ್ಕೆ ಕೊಟ್ಟ ಸಮಯ ಬರವಣಿಗೆಗೆ ಕೊಟ್ಟ ಸಮಯವೇ. ಮುಖ್ಯ ಶಿಕ್ಷಕರು ಕೇಳಿದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದ ಮಕ್ಕಳಿಗೆ ಆಟ ಆಧಾರಿತ ಕಲಿಕೆಯನ್ನೇ ಹೇಳುತ್ತದೆ ಎಂದು ತೋರಿಸಬಹುದು. 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಕಾರ್ಯಕ್ರಮದ ಗುರಿ ಕೂಡ 3ನೇ ತರಗತಿ ಮುಗಿಸುವ ಮಗು ಅರ್ಥ ಮಾಡಿಕೊಂಡು ಓದಬೇಕು ಎಂಬುದೇ.

ಪುಸ್ತಕ ಆರಿಸುವುದು

ಚಿತ್ರ ಇರುವ ಪುಸ್ತಕವೆಲ್ಲ ಚಿತ್ರಪುಸ್ತಕವಲ್ಲ. ‘ಕಾಗೆ ಮರದ ಮೇಲೆ ಕೂತಿತು’ ಎಂಬ ವಾಕ್ಯದ ಪಕ್ಕ ಮರದ ಮೇಲೆ ಕೂತ ಕಾಗೆಯ ಚಿತ್ರ ಇದ್ದರೆ ಅದು ಬರೀ ಅಲಂಕಾರ. ಒಳ್ಳೆಯ ಚಿತ್ರಪುಸ್ತಕದಲ್ಲಿ ಮಾತು ಹೇಳದ್ದನ್ನು ಚಿತ್ರ ಹೇಳುತ್ತದೆ, ಚಿತ್ರ ಹೇಳಲಾಗದ್ದನ್ನು ಮಾತು ಹೇಳುತ್ತದೆ, ಎರಡೂ ಹೇಳದೆ ಬಿಟ್ಟ ಜಾಗವನ್ನು ಮಗು ತುಂಬಿಕೊಳ್ಳುತ್ತದೆ. ಆಟ ಹುಟ್ಟುವುದು ಆ ಬಿಟ್ಟ ಜಾಗದಿಂದ.

ಆಯ್ಕೆಗೆ ನಾನು ಹೇಳುವ ಪರೀಕ್ಷೆ ಸುಲಭವಾದದ್ದು. ಅಕ್ಷರಗಳ ಮೇಲೆ ಕೈ ಮುಚ್ಚಿಕೊಂಡು ಚಿತ್ರಗಳನ್ನಷ್ಟೇ ನೋಡುತ್ತಾ ಹೋಗಿ. ‘ಇವನ್ಯಾಕೆ ಅಲ್ಲಿ ನಿಂತಿದ್ದಾನೆ? ಆ ಬಾಗಿಲ ಹಿಂದೆ ಏನಿದೆ?’ ಎಂಬಂಥ ಪ್ರಶ್ನೆಗಳು ನಿಮಗೇ ಹುಟ್ಟಿದರೆ ಪುಸ್ತಕ ತೆಗೆದುಕೊಳ್ಳಿ. ಆಟಕ್ಕೆ ಬೇಕಾದ ಇನ್ನೆರಡು ಗುಣ: ಕಥೆಯಲ್ಲಿ ಬಿಡಿಸಬೇಕಾದ ಒಂದು ತೊಡಕಿರಬೇಕು, ಹಲವರು ಒಟ್ಟಿಗೆ ಇರಬಹುದಾದ ಒಂದು ಜಾಗವಿರಬೇಕು. ಸಂತೆ, ಬಸ್ಸು, ಕಾಡು, ಜಾತ್ರೆ, ಆಸ್ಪತ್ರೆ, ಕೆರೆ ದಂಡೆ ಇವೆಲ್ಲ ಆಗುತ್ತವೆ. ಒಬ್ಬ ರಾಜಕುಮಾರ ಒಬ್ಬನೇ ಯೋಚಿಸುತ್ತಾ ಕೂರುವ ಕಥೆಯಲ್ಲಿ 35 ಮಕ್ಕಳಿಗೆ ಜಾಗವಿರುವುದಿಲ್ಲ. ಕೊನೆಯ ಪುಟದಲ್ಲಿ ‘ಆದ್ದರಿಂದ ನಾವು ಹಿರಿಯರ ಮಾತು ಕೇಳಬೇಕು’ ಎಂದು ಮುಗಿಯುವ ಪುಸ್ತಕವನ್ನು ಈ ಕೆಲಸಕ್ಕೆ ಬಳಸಬೇಡಿ. ಉತ್ತರ ಕೊಟ್ಟು ಮುಗಿಸಿದ ಮೇಲೆ ಮಗುವಿಗೆ ಆಡಲು ಏನೂ ಉಳಿಯುವುದಿಲ್ಲ. ಮಾತೇ ಇಲ್ಲದ ಪುಸ್ತಕಗಳೂ ಇವೆ. ಓದಲು ಬಾರದ ಮಗು ಮತ್ತು ಓದಲು ಬರುವ ಮಗು ಅವುಗಳ ಮುಂದೆ ಸಮಾನರು, ಆ ಕಾರಣಕ್ಕೇ ಅವು ನನಗೆ ಬಹಳ ಇಷ್ಟ.

ಸಿಗುವುದು ಎಲ್ಲಿ? ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಸ್ಟೋರಿವೀವರ್ ಎಂಬ ಜಾಲತಾಣ ಶುರು ಮಾಡಿತು. ಅಲ್ಲಿ ಕನ್ನಡದ ಚಿತ್ರಪುಸ್ತಕಗಳು ನಾಲ್ಕು ಓದಿನ ಹಂತಗಳಲ್ಲಿ ಉಚಿತವಾಗಿ ಸಿಗುತ್ತವೆ. ಮುಕ್ತ ಪರವಾನಗಿಯ ಪುಸ್ತಕಗಳಾದ್ದರಿಂದ ಇಳಿಸಿಕೊಂಡು ಮುದ್ರಿಸಿ ತರಗತಿಯಲ್ಲಿ ಬಳಸಲು ಅಡ್ಡಿಯಿಲ್ಲ. ಚೆನ್ನೈನ ತೂಲಿಕಾ ಪ್ರಕಾಶನ ಮತ್ತು ಕೇಂದ್ರ ಸರ್ಕಾರದ ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲೂ ಚಿತ್ರಪುಸ್ತಕ ತರುತ್ತವೆ. ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಒಮ್ಮೆ ಹೋಗಿ ನೋಡಿ. ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ.

ಮುಂದಿನ ಹೆಜ್ಜೆಗಳನ್ನು ವಿವರಿಸಲು ಒಂದು ಪುಸ್ತಕವನ್ನು ಕಲ್ಪಿಸಿಕೊಳ್ಳೋಣ. ಅಜ್ಜಿಯೊಬ್ಬಳು ಮೇಕೆಮರಿಯನ್ನು ಹಿಡಿದುಕೊಂಡು ಸೋಮವಾರದ ಸಂತೆಗೆ ಹೋಗುತ್ತಾಳೆ. ಮರಿ ಹಗ್ಗ ಬಿಡಿಸಿಕೊಂಡು ಓಡುತ್ತದೆ. ಬಳೆ ಅಂಗಡಿ, ಮಡಕೆಗಳ ಸಾಲು, ಮಂಡಕ್ಕಿ ರಾಶಿ, ಸೊಪ್ಪಿನವಳ ಕೊತ್ತಂಬರಿ ಕಟ್ಟು ಎಲ್ಲ ಕಡೆ ನುಗ್ಗುತ್ತದೆ. ಕೊನೆಗೆ ಬುಟ್ಟಿ ಮಾರುವವರ ಒಂದು ಬುಟ್ಟಿಯಲ್ಲಿ ನಿದ್ದೆ ಮಾಡುತ್ತಾ ಸಿಗುತ್ತದೆ. ಪ್ರತಿ ಪುಟದ ಚಿತ್ರದಲ್ಲೂ ಒಂದು ಕಾಗೆ ಮರಿಯ ಹಿಂದೆಯೇ ಬರುತ್ತಿದೆ. ಕಥೆಯ ಮಾತಿನಲ್ಲಿ ಕಾಗೆಯ ಸುದ್ದಿಯೇ ಇಲ್ಲ.

ಓದಿ ಹೇಳುವುದು

ಮೊದಲು ನೀವೊಬ್ಬರೇ ಎರಡು ಸಲ ಗಟ್ಟಿಯಾಗಿ ಓದಿಕೊಳ್ಳಿ. ಯಾವ ಪುಟದಲ್ಲಿ ತಡೆಯಬೇಕು, ಯಾವ ಪುಟವನ್ನು ಸರಕ್ಕನೆ ತಿರುವಬೇಕು ಎಂಬುದು ಗೊತ್ತಾಗುತ್ತದೆ. ತರಗತಿಯಲ್ಲಿ ಬೆಂಚು ಬಿಡಿಸಿ, ನೆಲದ ಮೇಲೆ ಅರ್ಧ ವೃತ್ತಾಕಾರದಲ್ಲಿ ಕೂರಿಸಿ. ನೀವು ಒಂದು ಚಿಕ್ಕ ಸ್ಟೂಲಿನ ಮೇಲೆ ಕೂತು ಪುಸ್ತಕವನ್ನು ಎದೆಯ ಪಕ್ಕಕ್ಕೆ ಹಿಡಿದುಕೊಳ್ಳಿ. ನೀವು ಓದುತ್ತಿರುವಾಗಲೇ ಚಿತ್ರ ಅವರಿಗೆ ಕಾಣುತ್ತಿರಬೇಕು. ಓದಿ ಮುಗಿಸಿ ಆಮೇಲೆ ತಿರುಗಿಸಿ ತೋರಿಸಿದರೆ ಮಾತಿನದೂ ಚಿತ್ರದ್ದೂ ಸಂಬಂಧ ಹರಿದುಹೋಗುತ್ತದೆ. ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಎರಡು ತಂಡ ಮಾಡಿ ಎರಡು ಸಲ ಓದುವುದೇ ಲೇಸು. ಒಂದು ತಂಡ ಓದಿಗೆ ಕೂತಾಗ ಇನ್ನೊಂದು ತಂಡಕ್ಕೆ ನೆಲಮಟ್ಟದ ಕಪ್ಪುಹಲಗೆಯಲ್ಲಿ ಚಿತ್ರ ಬಿಡಿಸುವ ಕೆಲಸ ಕೊಡಿ. ಸ್ಮಾರ್ಟ್ ಟಿವಿ ಇದ್ದರೆ ಡಿಜಿಟಲ್ ಪುಸ್ತಕವನ್ನು ದೊಡ್ಡದಾಗಿ ತೋರಿಸಬಹುದು, ಆದರೆ ಓದುವ ದನಿ ನಿಮ್ಮದೇ ಇರಲಿ.

ಮುಖಪುಟದಲ್ಲೇ ಒಂದು ನಿಮಿಷ ನಿಲ್ಲಿ. ‘ಏನು ಕಾಣ್ತಿದೆ?’ ಎಂದಷ್ಟೇ ಕೇಳಿ. ಮೊದಲ ಓದಿನಲ್ಲಿ ನಡುನಡುವೆ ಪದಾರ್ಥ ಹೇಳಬೇಡಿ, ‘ಗೊತ್ತಾಯ್ತಾ?’ ಎಂದು ನಿಲ್ಲಿಸಬೇಡಿ. ಮಗುವೊಂದು ‘ಮಿಸ್, ಕಾಗೆ!’ ಎಂದು ಕೂಗಿದರೆ ತಲೆಯಾಡಿಸಿ ಮುಂದುವರಿಯಿರಿ. ಕಾಗೆಯನ್ನು ನೀವಾಗಿಯೇ ತೋರಿಸಿಬಿಟ್ಟರೆ ಹುಡುಕುವ ಖುಷಿಯನ್ನು ಕಿತ್ತುಕೊಂಡಂತೆ. ಓದು ಮುಗಿದ ಮೇಲೆ ಅರ್ಧ ನಿಮಿಷ ಸುಮ್ಮನಿರಿ. ಈ ಸುಮ್ಮನಿರುವಿಕೆ ಶಿಕ್ಷಕರಿಗೆ ಕಷ್ಟ, ಆದರೆ ಮಕ್ಕಳ ಮೊದಲ ಮಾತು ಬರುವುದು ಆಗಲೇ.

ಎರಡನೆಯ ಓದು ಮರುದಿನ. ಈಗ ಪುಟಗಳಲ್ಲಿ ನಿಲ್ಲಬಹುದು, ಕೇಳಬಹುದು. ಉತ್ತರ ಪುಸ್ತಕದಲ್ಲೇ ಇರುವ ಪ್ರಶ್ನೆಗಳನ್ನು ಕಡಿಮೆ ಮಾಡಿ. ‘ಮರಿ ಏನು ತಿಂದಿತು?’ ಎಂಬುದಕ್ಕೆ ಒಂದೇ ಉತ್ತರ. ‘ಈ ಕಾಗೆಗೆ ಮರಿ ಹತ್ರ ಏನು ಕೆಲಸ?’ ಎಂಬುದಕ್ಕೆ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೋ ಅಷ್ಟು ಉತ್ತರ. ‘ಬುಟ್ಟಿಯೊಳಗೆ ಏನು ವಾಸನೆ ಬರ್ತಿರಬಹುದು?’, ‘ಅಜ್ಜಿ ಮರಿಯನ್ನ ಮಾರೋಕೆ ತಂದಿದ್ಲಾ?’ ಎಂಬಂಥವನ್ನು ಕೇಳಿ. ಕೊನೆಯ ಪ್ರಶ್ನೆಗೆ ತರಗತಿ ಎರಡು ಪಕ್ಷವಾಗಿ ಒಡೆದರೆ ಒಳ್ಳೆಯದೇ ಆಯಿತು, ಆ ಜಗಳವನ್ನು ಬಿಡಿಸದೆ ಆಟಕ್ಕೆ ಒಯ್ಯಿರಿ.

ಆಟದ ಜಾಗ, ಆಟದ ಸಾಮಾನು

ಇಲ್ಲಿ ಅವಸರ ಬೇಡ. ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಸಂತೆ ಬೀದಿ ಬರೆಯಿರಿ, ಅಥವಾ ಮಕ್ಕಳೇ ಬರೆಯಲಿ. ಯಾವ ಅಂಗಡಿ ಎಲ್ಲಿ ಎಂಬ ಚರ್ಚೆ ಅರ್ಧ ಪೀರಿಯಡ್ಡು ತಿಂದರೂ ಅದು ಕಲಿಕೆಯೇ: ಪುಸ್ತಕದ ಪುಟಗಳನ್ನು ತಿರುತಿರುಗಿ ನೋಡಿ ‘ಬಳೆ ಅಂಗಡಿ ಆದ್ಮೇಲೆ ಮಡಕೆ ಬರೋದು’ ಎಂದು ವಾದಿಸುವ ಮಗು ಓದನ್ನೇ ಮಾಡುತ್ತಿದೆ.

ಸಾಮಾನಿಗೆ ದುಡ್ಡು ಖರ್ಚು ಮಾಡಬೇಡಿ. ಒಂದು ರಟ್ಟಿನ ಡಬ್ಬಿಯಲ್ಲಿ ಹಳೆಯ ಟವೆಲ್, ದುಪಟ್ಟ, ಮೊರ, ಬುಟ್ಟಿ, ಖಾಲಿ ಬೆಂಕಿಪೊಟ್ಟಣ, ತೆಂಗಿನ ಚಿಪ್ಪು, ಹುಣಸೆ ಬೀಜ, ಹಗ್ಗದ ತುಂಡು, ಒಡೆಯದ ಚೊಂಬು ಇಟ್ಟುಕೊಂಡರೆ ವರ್ಷವಿಡೀ ಆಗುತ್ತದೆ. ಹುಣಸೆ ಬೀಜ ಸಂತೆಯಲ್ಲಿ ದುಡ್ಡು, ಮುಂದಿನ ಪುಸ್ತಕದಲ್ಲಿ ನಕ್ಷತ್ರ. ಅಂಗಡಿಯಿಂದ ತಂದ ಪ್ಲಾಸ್ಟಿಕ್ ತರಕಾರಿ ಸೆಟ್ಟಿನ ಟೊಮೆಟೊ ಟೊಮೆಟೊ ಮಾತ್ರ ಆಗಬಲ್ಲದು. ಟವೆಲ್ಲಾದರೆ ಮಗು, ಹೊಳೆ, ಹಾವು, ಪೇಟ ಏನು ಬೇಕಾದರೂ ಆದೀತು. ಒಂದು ಎಚ್ಚರಿಕೆ: ಮೇಕೆಯಾದ ಮಗುವಿನ ಕುತ್ತಿಗೆಗೆ ಹಗ್ಗ ಕಟ್ಟಲು ಬಿಡಬಾರದು. ಹಗ್ಗವನ್ನು ಕೈಯಲ್ಲಿ ಹಿಡಿದರೆ ಸಾಕು ಎಂಬ ನಿಯಮ ಮೊದಲೇ ಇರಲಿ.

ಪಾತ್ರ ಹಂಚುವಾಗ ಹೆಚ್ಚು ಜಾಗರೂಕರಾಗಿರಿ. ಕುಂಬಾರರ ಮನೆಯ ಹುಡುಗನನ್ನೇ ಮಡಕೆ ಅಂಗಡಿಗೆ ಕೂರಿಸುವುದು, ಕಸ ಗುಡಿಸುವ ಪಾತ್ರಕ್ಕೆ ಯಾವುದೋ ಕೇರಿಯ ಮಗುವನ್ನು ಆರಿಸುವುದು, ಸೊಪ್ಪಿನವಳ ಪಾತ್ರಕ್ಕೆ ಹುಡುಗಿಯರು ಮಾತ್ರ ಎನ್ನುವುದು ಇವೆಲ್ಲ ಅರಿವಿಲ್ಲದೆ ನಡೆದುಬಿಡುತ್ತವೆ. ಚೀಟಿ ಎತ್ತಿಸಿ, ಇಲ್ಲವೇ ಮಕ್ಕಳಿಗೇ ಆರಿಸಲು ಬಿಡಿ, ಮರುದಿನ ಅದಲುಬದಲು ಮಾಡಿ. ಅಮ್ಮ ನಿಜವಾಗಿಯೂ ಸಂತೆಯಲ್ಲಿ ವ್ಯಾಪಾರ ಮಾಡುವ ಮಗುವಿಗೆ ಅಳತೆ, ಚೌಕಾಸಿ, ಕೂಗುವ ರೀತಿ ಎಲ್ಲ ಗೊತ್ತಿರುತ್ತದೆ. ಆ ಮಗು ತಾನಾಗಿ ಹೇಳಿದರೆ ಎಲ್ಲರೂ ಕಲಿಯಲಿ, ಒತ್ತಾಯ ಬೇಡ. ಎಲ್ಲರಿಗೂ ಮೇಕೆಮರಿಯೇ ಆಗಬೇಕೆಂದರೆ ಮೂರು ಮರಿಗಳು ತಪ್ಪಿಸಿಕೊಂಡವು ಎಂದರಾಯಿತು.

ಶಿಕ್ಷಕರೂ ಒಂದು ಪಾತ್ರ

ಇದು ನಾಟಕದ ರಿಹರ್ಸಲ್ ಅಲ್ಲ. ಡೈಲಾಗ್ ಬಾಯಿಪಾಠ ಇಲ್ಲ, ಪ್ರೇಕ್ಷಕರಿಲ್ಲ, ವಾರ್ಷಿಕೋತ್ಸವಕ್ಕೆ ತಯಾರಿಯೂ ಅಲ್ಲ. ಇಂಗ್ಲೆಂಡಿನ ನಾಟಕ ಶಿಕ್ಷಕಿ ಡೊರೊಥಿ ಹೀತ್‌ಕೋಟ್ ಬಳಸಿ ಹೆಸರಾದ ಒಂದು ವಿಧಾನ ಇಲ್ಲಿ ತುಂಬ ಕೆಲಸಕ್ಕೆ ಬರುತ್ತದೆ: ಶಿಕ್ಷಕರೇ ಕಥೆಯ ಒಂದು ಪಾತ್ರವಾಗಿ ಆಟದೊಳಗೆ ಇಳಿಯುವುದು. ‘ಈ ಟವೆಲ್ ಹೊದ್ದುಕೊಂಡ್ರೆ ನಾನು ಅಜ್ಜಿ, ತೆಗೆದ್ರೆ ನಿಮ್ಮ ಟೀಚರ್’ ಎಂದು ಮೊದಲೇ ಸ್ಪಷ್ಟವಾಗಿ ಹೇಳಿ. ಚಿಕ್ಕ ಮಕ್ಕಳಿಗೆ ಈ ಗಡಿ ಗೊತ್ತಿರಬೇಕು.

ಆಮೇಲೆ ಟವೆಲ್ ಹೊದ್ದು ಬಂದು, ‘ಅಯ್ಯೋ ಮಗಾ, ನನ್ನ ಮರಿ ಎಲ್ಲೋ ಹೋಯ್ತು ಕಣಪ್ಪಾ. ಕಣ್ಣು ಬೇರೆ ಸರಿಯಾಗಿ ಕಾಣಲ್ಲ. ನೀನೇನಾದ್ರೂ ನೋಡಿದ್ಯಾ?’ ಎಂದು ಕೇಳಿ. ಸಹಾಯ ಬೇಡುವ ಪಾತ್ರವನ್ನೇ ನೀವು ತೆಗೆದುಕೊಳ್ಳಬೇಕು. ರಾಜನೋ ಪೊಲೀಸನೋ ಆದರೆ ಮತ್ತೆ ನೀವೇ ಆಜ್ಞೆ ಕೊಡುವವರಾಗುತ್ತೀರಿ. ಅಜ್ಜಿಯಾದರೆ ಮಕ್ಕಳು ಹೇಳಬೇಕು, ನೀವು ಕೇಳಬೇಕು. ದಿನವಿಡೀ ಬಾಯಿ ಬಿಡದ ಮಗು ‘ಅಳಬೇಡ ಅಜ್ಜಿ, ನಾನು ಹುಡುಕ್ಕೊಡ್ತೀನಿ’ ಎನ್ನುವುದು ಇಂಥ ಹೊತ್ತಿನಲ್ಲೇ. ಆಡಲು ಬರದ ಮಗುವನ್ನು ಎಳೆದು ತರಬೇಡಿ. ಮರವಾಗಿ ನಿಲ್ಲಲಿ, ಕಾಗೆಯಾಗಿ ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡಲಿ. ನೋಡುವ ಕಾಗೆಗೆ ಬರೆಯುವಾಗ ಎಲ್ಲರಿಗಿಂತ ಹೆಚ್ಚು ಸರಕಿರುತ್ತದೆ.

ಗದ್ದಲ ಆಗುತ್ತದೆ. ಸಂತೆಯಲ್ಲಿ ಗದ್ದಲ ಇರಲೇಬೇಕು. ಆದರೆ ನಿಲ್ಲಿಸುವ ಒಂದು ಸಂಕೇತ ಬೇಕು, ಅದನ್ನು ಮಕ್ಕಳ ಆಟದಿಂದಲೇ ತೆಗೆದುಕೊಳ್ಳಿ: ‘ಸ್ಟ್ಯಾಚ್ಯೂ!’ ಎಂದರೆ ಎಲ್ಲರೂ ಇದ್ದ ಭಂಗಿಯಲ್ಲೇ ನಿಲ್ಲಬೇಕು. ನೀವು ನಡೆದು ಹೋಗಿ ಒಬ್ಬೊಬ್ಬರ ಹೆಗಲು ಮುಟ್ಟಿ, ‘ಈಗ ನಿನ್ನ ಮನಸ್ಸಲ್ಲಿ ಏನಿದೆ?’ ಎಂದು ಕೇಳಿ. ‘ಕೊತ್ತಂಬರಿ ಹೋಯ್ತಲ್ಲಾ, ಮನೇಲಿ ಏನು ಹೇಳ್ಲಿ’ ಎಂದು ಸೊಪ್ಪಿನವಳು ಹೇಳಿದರೆ ಆ ವಾಕ್ಯವನ್ನು ಬೋರ್ಡಿನ ಮೇಲೆ ಹಾಗೆಯೇ ಬರೆಯಿರಿ. ಪಾಠದ ಬರವಣಿಗೆ ಶುರುವಾಗುವುದು ಇಲ್ಲಿಂದ. ಆಟ 15–20 ನಿಮಿಷ ಸಾಕು, ಇನ್ನೂ ಆಸೆ ಇರುವಾಗಲೇ ನಿಲ್ಲಿಸಿ. ಮರುದಿನ ಮತ್ತೆ ಆಡಿಸಿ. ಒಂದೇ ಸಲ ಆಡಿಸಿ ಬಿಟ್ಟರೆ ಮಕ್ಕಳು ಪುಸ್ತಕದ ಕಥೆಯನ್ನಷ್ಟೇ ಒಪ್ಪಿಸುತ್ತಾರೆ. ಎರಡನೆಯ, ಮೂರನೆಯ ದಿನ ಅವರ ಸ್ವಂತ ಕಥೆ ತಲೆ ಎತ್ತುತ್ತದೆ: ಮಳೆ ಬರುತ್ತದೆ, ಸಂತೆಗೆ ಆನೆ ಬರುತ್ತದೆ, ಕಾಗೆ ಮರಿಯ ಹಳೆಯ ಗೆಳೆಯ ಎಂದು ಗೊತ್ತಾಗುತ್ತದೆ.

ಆಟದೊಳಗಿನ ಬರವಣಿಗೆ

ಆಟ ನಿಲ್ಲಿಸಿ, ‘ಈಗ ನೋಟ್‌ಬುಕ್ ತೆಗೆಯಿರಿ’ ಎಂದರೆ ಮಾಡಿದ್ದೆಲ್ಲ ಹೋಯಿತು. ಬರವಣಿಗೆ ಆಟಕ್ಕೇ ಬೇಕಾಗಬೇಕು. ಅಜ್ಜಿಯಾಗಿ ನೀವು ಹೀಗೆ ಕೇಳಬಹುದು: ‘ಸಂತೆ ಇಷ್ಟು ದೊಡ್ಡದು, ಎಲ್ಲರಿಗೂ ಹೇಗೆ ತಿಳಿಸೋದು?’ ಒಬ್ಬರು ಡಂಗುರ ಸಾರೋಣ ಅನ್ನುತ್ತಾರೆ, ಇನ್ನೊಬ್ಬರು ಚೀಟಿ ಅಂಟಿಸೋಣ ಅನ್ನುತ್ತಾರೆ, ಮತ್ತೊಬ್ಬರು ವಾಟ್ಸಾಪಿನಲ್ಲಿ ಹಾಕೋಣ ಅನ್ನುತ್ತಾರೆ. ಮೂರೂ ಬರವಣಿಗೆಯೇ. ಡಂಗುರಕ್ಕೆ ಎರಡು ಚಿಕ್ಕ ವಾಕ್ಯ ಸಾಕು, ಜೋರಾಗಿ ಕೂಗಲು ಬರುವಂತಿರಬೇಕು. ‘ಕಾಣೆಯಾಗಿದೆ’ ಚೀಟಿಗೆ ಬಣ್ಣ, ಗುರುತು, ಕೊನೆಗೆ ಕಂಡ ಜಾಗ ಬೇಕು. ಸೊಪ್ಪಿನವಳು ಪಂಚಾಯಿತಿಗೆ ಅರ್ಜಿ ಬರೆಯಬಹುದು. ಬಳೆ ಅಂಗಡಿಗೆ ಬೆಲೆ ಫಲಕ ಬೇಕು. ಕಾಗೆ ತನ್ನ ಅಮ್ಮನಿಗೆ ಪತ್ರ ಬರೆಯಬಹುದು. ಪ್ರತಿ ಮಗುವೂ ಒಂದೇ ಬಗೆಯದನ್ನು ಬರೆಯಬೇಕಿಲ್ಲ, ತನ್ನ ಪಾತ್ರಕ್ಕೆ ಬೇಕಾದ್ದನ್ನು ಬರೆಯಲಿ. ಒಂದೇ ಪದದ ಫಲಕ ಬರೆಯಬಲ್ಲ ಮಗುವಿಗೂ ಇಡೀ ಪುಟ ಬರೆಯಬಲ್ಲ ಮಗುವಿಗೂ ಆಟದಲ್ಲಿ ಸಮಾನ ಸ್ಥಾನ ಸಿಗುತ್ತದೆ.

2ನೇ ತರಗತಿಯ ಮಗು ಬರೆಯುವ ಚೀಟಿ ಹೀಗಿರಬಹುದು:

‘ಕಾಣೆ ಆಗಿದೆ. ಕಪು ಮರಿ. ಒಂದು ಕಿವಿ ಬಿಳಿ. ಕೊತಂಬರಿ ತಿನುತದೆ. ಸಿಕಿದರೆ ಅಜಿಗೆ ಕೊಡಿ.’

ಇದನ್ನು ಕೆಂಪು ಪೆನ್ನಿನಿಂದ ತಿದ್ದಬೇಡಿ. ಮೊದಲು ಇದರಲ್ಲಿ ಇರುವುದನ್ನು ನೋಡಿ: ಮರಿಯನ್ನು ಗುರುತಿಸಲು ಬೇಕಾದ ವಿವರ ಇದೆ, ಅದರ ಸ್ವಭಾವ ಇದೆ, ಸಿಕ್ಕವರು ಏನು ಮಾಡಬೇಕೆಂಬುದೂ ಇದೆ. ಆಮೇಲೆ ತಪ್ಪುಗಳನ್ನು ಗಮನಿಸಿ. ಕಪ್ಪು, ಕೊತ್ತಂಬರಿ, ತಿನ್ನುತ್ತದೆ, ಸಿಕ್ಕಿದರೆ, ಅಜ್ಜಿ ಇವೆಲ್ಲದರಲ್ಲೂ ಬಿಟ್ಟುಹೋಗಿರುವುದು ಒಂದೇ: ಅದೇ ಅಕ್ಷರದ ಒತ್ತು. ನೋಡಲು ಆರು ತಪ್ಪು, ಕಲಿಸಬೇಕಾದ ವಿಷಯ ಒಂದೇ. ಗುಣಿತಾಕ್ಷರಗಳಲ್ಲಿ ಈ ಮಗುವಿಗೆ ತೊಂದರೆಯೇ ಇಲ್ಲ. ಇನ್ನೂ ನಾಲ್ಕು ಮಕ್ಕಳ ಚೀಟಿಯಲ್ಲಿ ಇದೇ ಕಂಡರೆ ಮರುದಿನ ಹತ್ತು ನಿಮಿಷ ಸಜಾತೀಯ ಒತ್ತಕ್ಷರದ ಪಾಠ ಮಾಡಿ. ‘ಅಜಿ, ಅಜ್ಜಿ’ ಎರಡನ್ನೂ ಬೋರ್ಡಿನಲ್ಲಿ ಬರೆದು ಹೇಳಿಸಿ. ಕಿವಿಗೆ ವ್ಯತ್ಯಾಸ ಗೊತ್ತಾದ ಮೇಲೆ ಕೈಗೂ ಗೊತ್ತಾಗುತ್ತದೆ. ಸಂತೆಯ ಗೋಡೆಗೆ ಅಂಟಿಸುವ ಮೊದಲು ‘ಓದೋರಿಗೆ ಅರ್ಥ ಆಗ್ಬೇಕಲ್ಲ, ಒಂದ್ಸಲ ನೋಡ್ಕೋ’ ಎಂದರೆ ಮಗು ತಾನೇ ತಿದ್ದಿಕೊಳ್ಳುತ್ತದೆ, ಏಕೆಂದರೆ ಈಗ ತಿದ್ದಲು ಒಂದು ಕಾರಣವಿದೆ.

ಭಾಷೆಯ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟವಾಗಿದೆ. ಆಟದ ಮಾತಿಗೆ ಮನೆಮಾತೇ ಇರಲಿ. ಧಾರವಾಡದ ಕಡೆಯ ಮಗು ‘ಮರಿ ಓಡಿ ಹೋಗೇತಿ’ ಎಂದರೆ, ಕಲಬುರಗಿಯ ಮಗು ‘ಹೋಗ್ಯಾದ’ ಎಂದರೆ ಅದನ್ನು ‘ಹೋಗಿದೆ’ ಎಂದು ತಿದ್ದಿ ಆಟ ನಿಲ್ಲಿಸಬೇಡಿ. ಪಾತ್ರಗಳ ಮಾತನ್ನು ಬರೆಯುವಾಗಲೂ ಹಾಗೇ ಬರೆಯಲಿ. ಆದರೆ ಪಂಚಾಯಿತಿಗೆ ಬರೆಯುವ ಅರ್ಜಿ ‘ಮಾನ್ಯರೇ’ ಎಂದು ಶುರುವಾಗುತ್ತದೆ, ಅಲ್ಲಿ ಬರಹದ ಕನ್ನಡ ಬೇಕು. ಯಾವ ಕನ್ನಡ ಎಲ್ಲಿಗೆ ಎಂಬುದು ಮಕ್ಕಳಿಗೆ ಆಟದಿಂದ ಸುಲಭವಾಗಿ ತಿಳಿಯುತ್ತದೆ. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ, ತುಳು, ಮರಾಠಿ ಆಡುವ ಮಕ್ಕಳಿಗೂ ಸಂತೆಯಲ್ಲಿ ಜಾಗವಿದೆ, ನಿಜವಾದ ಸಂತೆಯಲ್ಲಿ ಒಂದೇ ಭಾಷೆ ಕೇಳಿಬರುವುದಿಲ್ಲವಲ್ಲ. ಅವರ ಮಾತನ್ನು ಕನ್ನಡ ಲಿಪಿಯಲ್ಲೇ ಬರೆಯಲಿ.

ಬರೆಯಲು ಬಾರದವರ ಕಥೆ

ಅಕ್ಷರ ಇನ್ನೂ ಕೂಡಿಸಲಾರದ ಮಗುವಿಗೂ ಕಥೆ ಇರುತ್ತದೆ. ಅಮೆರಿಕದ ಶಿಕ್ಷಕಿ ವಿವಿಯನ್ ಪೇಲಿ ಷಿಕಾಗೋದಲ್ಲಿ ಚಿಕ್ಕ ಮಕ್ಕಳ ತರಗತಿಯಲ್ಲಿ ಬಹಳ ವರ್ಷ ಮಾಡಿದ ಕೆಲಸ ಇದು: ಮಗು ತನ್ನ ಕಥೆ ಹೇಳುತ್ತದೆ, ಶಿಕ್ಷಕಿ ಮಗುವಿನ ಮಾತಿನಲ್ಲೇ ಬರೆದುಕೊಳ್ಳುತ್ತಾರೆ, ಆಮೇಲೆ ಇಡೀ ತರಗತಿ ಅದನ್ನು ಆಡುತ್ತದೆ. ಕಥೆ ಹೇಳಿದ ಮಗುವೇ ತನಗೆ ಯಾವ ಪಾತ್ರ ಬೇಕೆಂದು ಆರಿಸಿಕೊಳ್ಳುತ್ತದೆ. ನಮ್ಮ ತರಗತಿಗಳಲ್ಲಿ ಇದನ್ನು ಮಾಡಲು ಬೇಕಾಗಿರುವುದು ಒಂದು ನೋಟ್‌ಬುಕ್ಕು ಮಾತ್ರ. ದಿನಕ್ಕೆ ಇಬ್ಬರು ಮಕ್ಕಳು, ಒಬ್ಬರಿಗೆ ಐದು ನಿಮಿಷ, ಒಂದು ಪುಟ ತುಂಬಿದರೆ ನಿಲ್ಲಿಸುವುದು. ಬರೆಯುತ್ತಾ ಬರೆಯುತ್ತಾ ಪದಗಳನ್ನು ನಿಧಾನವಾಗಿ ಗಟ್ಟಿಯಾಗಿ ಹೇಳಿ: ತನ್ನ ಬಾಯಿಂದ ಬಂದ ಮಾತು ಕಾಗದದ ಮೇಲೆ ಅಕ್ಷರವಾಗುವುದನ್ನು ಮಗು ಕಣ್ಣಾರೆ ನೋಡಬೇಕು. ಬರೆದದ್ದನ್ನು ಓದಿ ತೋರಿಸಿ, ‘ಸರಿ ಇದೆಯಾ, ಏನಾದ್ರೂ ಬದಲಾಯಿಸಬೇಕಾ?’ ಎಂದು ಕೇಳಿ. ನಿಮಗೆ ಚೆಂದ ಕಂಡ ಪದ ಸೇರಿಸುವ ಆಸೆಯಾಗುತ್ತದೆ, ಸೇರಿಸಬೇಡಿ. 4ನೇ, 5ನೇ ತರಗತಿಯ ಮಕ್ಕಳು ಚಿಕ್ಕವರ ಕಥೆ ಬರೆದುಕೊಳ್ಳುವ ಕೆಲಸ ಮಾಡಬಹುದು. ಹಲವು ತರಗತಿಗಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಬಹುವರ್ಗ ಬೋಧನೆಯ ಶಾಲೆಗಳಿಗೆ ಇದೇ ಅನುಕೂಲ.

ಮಕ್ಕಳದೇ ಪುಸ್ತಕ

ಒಂದೇ ಎ4 ಹಾಳೆಯಿಂದ ಎಂಟು ಪುಟದ ಪುಸ್ತಕ ಮಾಡಬಹುದು, ಗೋಂದು ಪಿನ್ನು ಬೇಡ. ಹಾಳೆಯನ್ನು ಉದ್ದಕ್ಕೆ ಒಮ್ಮೆ ಮಡಚಿ ಬಿಡಿಸಿ. ಆಮೇಲೆ ಅಡ್ಡಕ್ಕೆ ಮಡಚಿ, ಅದನ್ನೇ ಇನ್ನೊಮ್ಮೆ ಅಡ್ಡಕ್ಕೆ ಮಡಚಿ ಬಿಡಿಸಿದರೆ ಎಂಟು ಮನೆಗಳು ಕಾಣುತ್ತವೆ. ಈಗ ಅಡ್ಡಕ್ಕೆ ಒಂದೇ ಸಲ ಮಡಚಿಟ್ಟುಕೊಂಡು, ಮಡಿಕೆಯ ಬದಿಯಿಂದ ನಡುಗೆರೆಯ ಮೇಲೆ ಮುಂದಿನ ಗೆರೆಯವರೆಗೆ ಮಾತ್ರ ಕತ್ತರಿಸಿ. ಹಾಳೆ ಬಿಚ್ಚಿದರೆ ನಡುವೆ ಒಂದು ಸೀಳು ಇರುತ್ತದೆ. ಉದ್ದಕ್ಕೆ ಮಡಚಿ, ಎರಡು ತುದಿ ಹಿಡಿದು ಒಳಕ್ಕೆ ಒತ್ತಿದರೆ ಸೀಳು ತೆರೆದು ಕೂಡಿಸುವ ಚಿಹ್ನೆಯ ಆಕಾರ ಬರುತ್ತದೆ. ಪುಟಗಳನ್ನು ಒಂದೇ ಕಡೆ ಮಡಚಿ ಒತ್ತಿ. ಮುಖಪುಟ, ಹಿಂಪುಟ, ಒಳಗೆ ಆರು ಪುಟ. 1ನೇ ತರಗತಿಗೆ ಕತ್ತರಿಸುವ ಕೆಲಸ ನೀವೇ ಮಾಡಿಕೊಡಿ.

ಪುಟಗಳು ಕಡಿಮೆ ಇರುವುದು ಒಳ್ಳೆಯದು. ಆರು ಪುಟದಲ್ಲಿ ಕಥೆ ಮುಗಿಯಬೇಕಾದರೆ ಯಾವ ಪುಟಕ್ಕೆ ಏನು ಎಂದು ಯೋಚಿಸಲೇಬೇಕು, ಪುಟ ತಿರುವಿದಾಗ ಏನು ಕಾಣಬೇಕು ಎಂಬ ಪ್ರಶ್ನೆ ಬರುತ್ತದೆ. ಮೊದಲು ಚಿತ್ರ, ಆಮೇಲೆ ಮಾತು. ಚಿತ್ರದಲ್ಲಿ ಇರುವುದನ್ನು ಮಾತಿನಲ್ಲಿ ಮತ್ತೆ ಬರೆಯಬೇಕಿಲ್ಲ ಎಂಬುದನ್ನು ಕಾಗೆಯ ಉದಾಹರಣೆಯಿಂದಲೇ ತೋರಿಸಿ. ದೊಡ್ಡ ಮಕ್ಕಳಿಗೆ ಕಾಗೆಯ ಕಡೆಯಿಂದ ಇಡೀ ಕಥೆ ಬರೆಯಲು ಹೇಳಿ. ಇಲ್ಲವೇ ಪುಸ್ತಕದ ಮೊದಲ ಪುಟಕ್ಕಿಂತ ಹಿಂದಿನ ದಿನ ಏನಾಯಿತು ಎಂಬುದನ್ನು ಬರೆಯಲಿ. ಹಿಂಪುಟದಲ್ಲಿ ಬರೆದವರ ಹೆಸರು, ತರಗತಿ, ಬೆಲೆ (ಹುಣಸೆ ಬೀಜದಲ್ಲಿ) ಇರಲಿ. ಆದ ಪುಸ್ತಕಗಳನ್ನು ಕಲಿಕಾ ಚಪ್ಪರಕ್ಕೆ (ಮಕ್ಕಳ ಕೆಲಸವನ್ನು ತೂಗುಹಾಕಲು ತರಗತಿಯಲ್ಲಿ ಅಡ್ಡಲಾಗಿ ಕಟ್ಟಿದ ದಾರಗಳು) ದಾರದಿಂದ ಇಳಿಬಿಡಿ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ. ಬೀಗ ಹಾಕಿದ ಬೀರುವಿನೊಳಗೆ ಇಡಬೇಡಿ. ಹರಿದರೆ ಹರಿಯಲಿ, ಹರಿದ ಪುಸ್ತಕ ಓದಿದ ಪುಸ್ತಕ.

ವಾರದ ಲೆಕ್ಕ

ಒಂದು ಪುಸ್ತಕಕ್ಕೆ ಒಂದು ವಾರ, ದಿನಕ್ಕೆ 40 ನಿಮಿಷ ಸಿಕ್ಕರೆ ಚೆನ್ನ. ಓದು ಒಂದು ದಿನ, ಮರು ಓದು ಮತ್ತು ಸಂತೆ ಕಟ್ಟುವುದು ಒಂದು ದಿನ, ಆಟ ಮತ್ತು ಆಟದ ಬರವಣಿಗೆಗೆ ಎರಡು ದಿನ, ಪುಸ್ತಕ ಮಾಡುವುದಕ್ಕೆ ಕೊನೆಯ ದಿನ. ಅಷ್ಟು ಸಿಗದಿದ್ದರೆ ತಿಂಗಳಿಗೆ ಒಂದು ಪುಸ್ತಕ ಸಾಕು. ಬ್ಯಾಗಿಲ್ಲದ ಶನಿವಾರ ಆಟಕ್ಕೆ ಹೇಳಿ ಮಾಡಿಸಿದ ದಿನ. ಏನನ್ನಾದರೂ ಬಿಡಲೇಬೇಕಾದರೆ ಪುಸ್ತಕ ಮಾಡುವುದನ್ನು ಬಿಡಿ, ಎರಡನೆಯ ಓದನ್ನೂ ಎರಡನೆಯ ದಿನದ ಆಟವನ್ನೂ ಬಿಡಬೇಡಿ.

ಅಂಕ ಕೊಡುವ ಅಗತ್ಯವಿಲ್ಲ. ಪ್ರತಿ ಮಗುವಿಗೂ ಒಂದು ಹಾಳೆ ಇಟ್ಟು, ಆಟದಲ್ಲಿ ಆ ಮಗು ಆಡಿದ ಒಂದು ವಾಕ್ಯ ಮತ್ತು ಬರೆದ ಒಂದು ಚೀಟಿಯನ್ನು ದಿನಾಂಕದೊಡನೆ ಸೇರಿಸುತ್ತಾ ಹೋಗಿ. ಜೂನ್ ತಿಂಗಳ ಚೀಟಿ ಮತ್ತು ಡಿಸೆಂಬರ್ ತಿಂಗಳ ಚೀಟಿಯನ್ನು ಪಕ್ಕಪಕ್ಕ ಇಟ್ಟು ಪೋಷಕರ ಸಭೆಯಲ್ಲಿ ತೋರಿಸಿ. ಓದು ಬಾರದ ತಾಯಿಗೂ ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಮುಂದಿನ ಪುಸ್ತಕವನ್ನು ಈ ಹಾಳೆಗಳನ್ನು ನೋಡಿಕೊಂಡೇ ಆರಿಸಿ. ಮಕ್ಕಳು ಸಂತೆಯ ಆಟದಲ್ಲಿ ಮಳೆ ತಂದುಕೊಂಡಿದ್ದರೆ ಮಳೆಯ ಪುಸ್ತಕ, ಕಾಗೆಯ ಹಿಂದೆ ಬಿದ್ದಿದ್ದರೆ ಹಕ್ಕಿಗಳ ಪುಸ್ತಕ, ಚೌಕಾಸಿಯಲ್ಲೇ ಮುಳುಗಿದ್ದರೆ ಅಂಗಡಿಯೋ ಜಾತ್ರೆಯೋ ಇರುವ ಪುಸ್ತಕ. ಎರಡು ಮೂರು ಪುಸ್ತಕ ಮುಂದಿಟ್ಟು ಮಕ್ಕಳಿಂದಲೇ ಆರಿಸಿದರೂ ಆದೀತು, ಆದರೆ ಸೋತ ಪುಸ್ತಕಗಳನ್ನೂ ಓದಲು ಸಿಗುವಂತೆ ಚಾಪೆಯ ಮೇಲೆ ಇಟ್ಟಿರಿ.